ಗೋಡೆಯ ಮೇಲಿನ ಡಬ್ಬಿ

೧೮ ಫೆಬ್ರವರಿ ೧೯೯೧, ಸೋಮವಾರ. ನಾಸಿಕ್

ವೈಜಾಪುರದ ಆಚೆ ಬಸ್ಸು ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ರಸ್ತೆಯ ಪಕ್ಕದ ಬೇವಿನ ಮರದ ಕೆಳಗೆ ಕುಳಿತು ಈ ನೌಕರಿಯನ್ನು ಮನಸಾರೆ ಬೈದೆ. ಐವತ್ತರ ಹತ್ತಿರ ಬಂದ ಮನುಷ್ಯ ಸ್ಕ್ರೂಡ್ರೈವರಿನ ಚೀಲ ಹೊತ್ತು ಔರಂಗಾಬಾದಿಗೂ ನಾಸಿಕಿಗೂ ಓಡಾಡಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಕಾಣೆ.

ದಿಂಡೋರಿ ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ ಡಿಸೆಂಬರಿನಲ್ಲಿ ನಾನೇ ಕೂರಿಸಿ ಬಂದ ಉಪಕರಣ ಈಗ ತಕರಾರು ತೆಗೆದಿದೆ. ಅದು ಕೆಲಸ ಮಾಡುವ ಬಗೆಯನ್ನು ಮ್ಯಾನೇಜರ್ ಪ್ರಭಾಕರ ಸಾಹೇಬರಿಗೆ ಇವತ್ತು ಮತ್ತೊಮ್ಮೆ ಒಪ್ಪಿಸಿದೆ. ದ್ರಾಕ್ಷಿ ಇಟ್ಟ ಕೋಣೆಯೊಳಗೆ ಕಡಲೆಕಾಳಿನಷ್ಟು ದಪ್ಪದ ಒಂದು ಟ್ರಾನ್ಸಿಸ್ಟರ್ ತೂಗುತ್ತದೆ. ಅದರಲ್ಲಿ ಸಣ್ಣದೊಂದು ಕರೆಂಟು ಹರಿಯುತ್ತಿರುತ್ತದೆ. ತಂಪು ಹೆಚ್ಚಿದರೆ ಅದರ ವೋಲ್ಟೇಜ್ ಏರುತ್ತದೆ, ಸೆಖೆ ಹೆಚ್ಚಿದರೆ ಇಳಿಯುತ್ತದೆ. ಅಲ್ಲಿಂದ ಹೊರಟ ವೈರು ಬಾಗಿಲ ಮುಂದಿನ ಪಡಸಾಲೆಯ ಗೋಡೆಗೆ ಬಡಿದ ತಗಡಿನ ಡಬ್ಬಿಯಲ್ಲಿ ಇನ್ನೊಂದು ವೈರನ್ನು ಸೇರಿ, ಅಂಗಳ ದಾಟಿ, ಸಾಹೇಬರ ಮೇಜಿನ ಮೇಲೆ ಕೆಂಪು ಅಂಕಿಯಾಗಿ ಬೆಳಗುತ್ತದೆ. ದ್ರಾಕ್ಷಿಗೆ ಸೊನ್ನೆ ಡಿಗ್ರಿ ಬೇಕು. ಕೆಲವು ದಿನಗಳಿಂದ ಸಾಹೇಬರು ಬೆಳಿಗ್ಗೆ ಬಂದು ನೋಡಿದರೆ ನಾಲ್ಕೋ ಐದೋ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ತಾನಾಗಿ ಸೊನ್ನೆಗೆ ಇಳಿಯುತ್ತದೆ.

ಸಾಹೇಬರ ಪ್ರಕಾರ ಇದು ಆಪರೇಟರ್ ಮನ್ಮಥಪ್ಪನ ಕೆಲಸ. ಬೆಳಗಿನ ಜಾವ ಯಂತ್ರ ನಿಲ್ಲಿಸಿ ಮಲಗುತ್ತಾನೆ, ಆಮೇಲೆ ಗಡಬಡಿಸಿ ಶುರು ಮಾಡುತ್ತಾನೆ. "ನಿಮ್ಮ ಉಪಕರಣ ಸರಿಯಿದೆ ಎಂದು ಬರೆದು ಸಹಿ ಹಾಕಿ ಕೊಡಿ, ಉಳಿದದ್ದು ನನಗೆ ಬಿಡಿ" ಎಂದರು. ಉಳಿದದ್ದು ಎಂದರೆ ಮನ್ಮಥಪ್ಪನ ನೌಕರಿ, ಮತ್ತು ಕಾಂಪೌಂಡಿನೊಳಗೆ ಅವನೂ ಅವನ ಹೆಂಡತಿಯೂ ಇರುವ ಒಂದು ಕೋಣೆ.

ಈ ಮನ್ಮಥಪ್ಪ ಬೀದರ ಕಡೆಯವನು. ನಾನು ಧಾರವಾಡದವನು ಎಂದು ಡಿಸೆಂಬರಿನಲ್ಲೇ ಪತ್ತೆ ಹಚ್ಚಿ, ಸೋದರಮಾವ ಸಿಕ್ಕವನಂತೆ ಮಾಡುತ್ತಾನೆ. ಇವತ್ತೂ ಸಾಹೇಬರ ಕೋಣೆಯಿಂದ ಹೊರಬರುತ್ತಿದ್ದಂತೆ ಹಿಡಿದುಕೊಂಡ.

"ಖೋಲಿ ಥಂಡೇ ಅದರಿ ಸಾಹೇಬ್ರ. ನಾ ಒಳಗ ಹೋಗಿ ನೋಡ್ತೀನಲ್ರಿ, ಹಲ್ಲು ಕಟಕಟ ಅಂತಾವ."

"ಹಲ್ಲಿನ ಮ್ಯಾಲೆ ರಿಪೋರ್ಟ್ ಬರಿಯಾಕ ಬರೂದಿಲ್ಲ" ಎಂದೆ.

ಡಬ್ಬಿ ಬಿಚ್ಚಿದೆ. ಜೋಡಣೆಯ ಸ್ಕ್ರೂಗಳ ಸುತ್ತ ಬಿಳಿ ಪುಡಿ ಕೂತಿತ್ತು. ಇಲ್ಲೆಲ್ಲ ತಂಪು ಮಾಡುವ ಯಂತ್ರದ ಅಮೋನಿಯಾ ವಾಸನೆ, ಅದೇ ಲೋಹವನ್ನು ತಿನ್ನುತ್ತಿರಬೇಕು. ಸ್ಪಿರಿಟ್ ಹಾಕಿ ತಿಕ್ಕಿದೆ. ಮೇಜಿನ ಮೇಲೆ ಸೊನ್ನೆ ಬಂತು. ಮುಗಿಯಿತು ಎಂದುಕೊಂಡಿದ್ದೇನೆ.

೨೦ ಫೆಬ್ರವರಿ, ಬುಧವಾರ. ಔರಂಗಾಬಾದ್

ನಿನ್ನೆ ಹೊರಡುವ ಮುಂಚೆ ರೂಢಿಯಂತೆ ನಮ್ಮ ಮನೆಯ ಕೆಳಗಿನ ಔಷಧದ ಅಂಗಡಿಗೆ ಫೋನ್ ಮಾಡಿ ಬರುತ್ತೇನೆಂದು ತಿಳಿಸಿದ್ದೆ. ಬಂದಾಗ ಬಿಸಿ ಭಕ್ಕರಿ, ಎಣ್ಣೆಗಾಯಿ ತಯಾರಿದ್ದವು. ಹೆಂಡತಿ ಅಲಕಾ ತಲೆ ಬಾಚಿ ಹೂ ಮುಡಿದಿದ್ದಳು. ಮನೆ ಕನ್ನಡಿಯ ಹಾಗಿತ್ತು. ಮಗಳು ಮೃದುಲಾ ಪುಣೆಯ ಹಾಸ್ಟೆಲ್ಲಿಗೆ ಹೋದ ಮೇಲೆ ಇವಳಿಗೆ ಕೆಲಸವೇ ಇಲ್ಲ. ದೀಪಾವಳಿಗೆ ತಂದ ಗ್ಯಾಸ್ ಸಿಲಿಂಡರ್ ಇನ್ನೂ ನಡೆಯುತ್ತಿದೆ. ಆಫೀಸಿನಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. "ನಿಮ್ಮ ಮನೆಯವರಿಂದ ನಮ್ಮವರಿಗೆ ಸ್ವಲ್ಪ ತರಬೇತಿ ಕೊಡಿಸಿ" ಎಂದರು. ಹೆಮ್ಮೆಯಾಯಿತು.

ನಾಸಿಕಿನಿಂದ ಫೋನ್. ಇವತ್ತು ಬೆಳಿಗ್ಗೆ ಐದು ಡಿಗ್ರಿ.

೨೬ ಫೆಬ್ರವರಿ, ಮಂಗಳವಾರ. ನಾಸಿಕ್

ಹೊಸ ಟ್ರಾನ್ಸಿಸ್ಟರ್ ತಂದು ಹಾಕಿದೆ. ಹಳೆಯದು ಸೋತಿದೆಯೇನೋ ಎಂಬ ಅನುಮಾನವಿತ್ತು, ಅದಕ್ಕೇನೂ ಆಗಿರಲಿಲ್ಲ. ಡಬ್ಬಿಯಲ್ಲಿ ಮತ್ತೆ ಬಿಳಿ ಪುಡಿ. ಮತ್ತೆ ತಿಕ್ಕಿದೆ. ನಾನು ಇರುವಷ್ಟು ಹೊತ್ತು ಅಂಕಿ ಸೊನ್ನೆಯಿಂದ ಕದಲಲಿಲ್ಲ. ಮನೆಗೆ ನೆಂಟರು ಬಂದಾಗ ಗೋಣು ತಗ್ಗಿಸಿ ಕೂರುವ ತುಂಟ ಮಗುವಿನಂತೆ.

"ನೀವು ಬಂದ್ರ ಸುಮ್ಮ ಆತದ ನೋಡ್ರಿ" ಎಂದ ಮನ್ಮಥಪ್ಪ. "ನಿಮ್ಮ ಕೈಗುಣ."

ಕೈಗುಣ ನಂಬಿ ಕೂತಿದ್ದರೆ ನಾನು ನಾಟಿವೈದ್ಯನಾಗಿರುತ್ತಿದ್ದೆ ಎಂದೆ. ಅವನು ನಗಲಿಲ್ಲ. ಮುಖ ಬಾಡಿತ್ತು. ಹೆಂಡತಿ ಚನಬಸವ್ವ ಗಂಟುಮೂಟೆ ಕಟ್ಟಲು ಶುರು ಮಾಡಿದ್ದಾಳಂತೆ. ಹೇಳಿಸಿಕೊಂಡು ಹೋಗುವುದಕ್ಕಿಂತ ಮೊದಲೇ ಹೋಗೋಣ ಎನ್ನುತ್ತಾಳಂತೆ. "ಹೊಳ್ಳಿ ಊರಿಗಿ ಹೋದ್ರ, ಕಳ್ಳತನದ ಮ್ಯಾಲ ಹೊರಗ ಹಾಕ್ಯಾರ ಅಂತಾರ್ರಿ. ಯಾರ್ಗೆ ಅಂತ ತಿಳಿಸಿ ಹೇಳ್ಲಿ?"

ಬಾಗಿಲ ಒಳಬದಿಗೆ ಗಾಜಿನ ಥರ್ಮಾಮೀಟರ್ ಒಂದನ್ನು ಕಟ್ಟಿ, ಬೆಳಿಗ್ಗೆ ಅದನ್ನೂ ನೋಡಿ ಎಂದು ಸಾಹೇಬರಿಗೆ ಹೇಳಿದೆ. ಸಾಹೇಬರಿಗೆ ದಮ್ಮಿನ ಕಾಟ, ಒಳಗೆ ಕಾಲಿಡುವುದಿಲ್ಲ. ಇನ್ನೊಬ್ಬರನ್ನು ಕಳಿಸಿದರೆ ಅವರೂ ಮನ್ಮಥಪ್ಪನ ಜೊತೆ ಸೇರಿದವರೇ ಎನ್ನುತ್ತಾರೆ. ಅವರಿಗೆ ಮೇಜಿನ ಮೇಲಿನ ಅಂಕಿಯೊಂದೇ ಸಾಕು. ಒಳಗೊಳಗೆ ನನಗೂ ಹಾಗೇ ಅನ್ನಿಸುತ್ತದೆ. ಮನುಷ್ಯ ಸುಳ್ಳು ಹೇಳಬಹುದು, ಟ್ರಾನ್ಸಿಸ್ಟರಿಗೆ ಸುಳ್ಳು ಹೇಳಿ ಆಗಬೇಕಾದ್ದೇನು?

೪ ಮಾರ್ಚ್, ಸೋಮವಾರ. ಔರಂಗಾಬಾದ್

ಬೆಳಿಗ್ಗೆ ಆರು ಡಿಗ್ರಿ. ಹಿಂದೆಂದೂ ಇಷ್ಟು ಏರಿರಲಿಲ್ಲ. ಸಾಹೇಬರು ಫೋನಿನಲ್ಲಿ ಕೂಗಾಡಿದರು. ಪಾಡ್ವಾದ, ಅಂದರೆ ನಮ್ಮ ಯುಗಾದಿಯ ಒಳಗೆ ನನ್ನ ಸಹಿ ಬೇಕಂತೆ, ಹೊಸ ವರ್ಷಕ್ಕೆ ಹೊಸ ಆಪರೇಟರ್ ಬರುತ್ತಾನಂತೆ.

ನಮ್ಮ ಮೇಲಧಿಕಾರಿ ಖಂಡಪ್ಪನವರೂ ಕರೆದು ಹೇಳಿದರು. ನನ್ನ ಹುಬ್ಬಳ್ಳಿಯ ವರ್ಗಾವಣೆ ಅರ್ಜಿ ಅವರ ಮೇಜಿನ ಮೇಲೇ ಇದೆ. "ಉಪಕರಣದಾಗ ದೋಷ ಇಲ್ಲಂದ್ರ ಇಲ್ಲ ಅಂತ ಬರದು ಕೈ ತೊಳ್ಕೋರಿ. ಎಷ್ಟ್ ಸಲ ಹೋಗ್ತೀರಿ?" ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಸಾಕಾಗಿದೆ.

೮ ಮಾರ್ಚ್, ಶುಕ್ರವಾರ. ನಾಸಿಕ್

ವೈರು ಪೂರ್ತಿ ಬದಲಾಯಿಸಿದೆ. ಮೋಟಾರಿನ ದಪ್ಪ ಕೇಬಲ್ಲುಗಳ ಪಕ್ಕ ಹಾಯುತ್ತಿದ್ದುದನ್ನು ದೂರ ಸರಿಸಿ ಬೇರೆ ಗೋಡೆಯಿಂದ ತಂದೆ. ಆಮೇಲೆ ಸ್ಟೀಲ್ ಲೋಟದಲ್ಲಿ ಐಸು ಕುಟ್ಟಿ ಹಾಕಿ, ನೀರು ಬೆರೆಸಿ, ಟ್ರಾನ್ಸಿಸ್ಟರನ್ನು ಅದರಲ್ಲಿ ಮುಳುಗಿಸಿದೆ. ಕರಗುವ ಐಸು ಎಂದರೆ ಸೊನ್ನೆ, ಅದರಲ್ಲಿ ವಾದವಿಲ್ಲ. ಮೇಜಿನ ಮೇಲೂ ಸೊನ್ನೆ ಬಂತು. ಇದಕ್ಕಿಂತ ಹೆಚ್ಚಿನ ಪರೀಕ್ಷೆ ನನಗೆ ಗೊತ್ತಿಲ್ಲ.

ಸಾಹೇಬರು ಟೈಪ್ ಮಾಡಿಸಿಟ್ಟ ಕಾಗದವನ್ನು ಮುಂದೆ ಸರಿಸಿದರು. ಪೆನ್ನಿನ ಟೊಪ್ಪಿಗೆ ತೆಗೆದೆ. ಕಿಟಕಿಯಾಚೆ ಮನ್ಮಥಪ್ಪ ಅಂಗಳದಲ್ಲಿ ನಿಂತಿದ್ದ. ನಮ್ಮ ಕಡೆ ನೋಡುತ್ತಿರಲಿಲ್ಲ, ಸುಮ್ಮನೆ ಕೈಯಲ್ಲೊಂದು ಬಟ್ಟೆ ಹಿಡಿದು ನಿಂತಿದ್ದ. ಅವನ ಕೈಯಲ್ಲಿ ಯಾವಾಗಲೂ ಒಂದು ಒರೆಸುವ ಬಟ್ಟೆ ಇರುತ್ತದೆ.

"ಆ ಬಿಳಿ ಪುಡಿ ಯಾಕೆ ಬರುತ್ತದೆಂದು ತಿಳಿದ ಮೇಲೆ ಮಾಡುತ್ತೇನೆ" ಎಂದೆ. ಯಾಕೆ ಹಾಗಂದೆನೋ ಗೊತ್ತಿಲ್ಲ. ಇವತ್ತೂ ಡಬ್ಬಿಯಲ್ಲಿ ಅದು ಇತ್ತು. ಅಮೋನಿಯಾ ಹಿತ್ತಾಳೆಯನ್ನು ತಿಂದರೆ ನೀಲಿ ಹಸಿರು ಬರಬೇಕು. ಇದು ಅಚ್ಚ ಬಿಳುಪು. ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿಕೊಂಡೆ.

ಬಸ್ ಸ್ಟ್ಯಾಂಡಿನ ಫೋನಿನ ಮುಂದೆ ಉದ್ದ ಸಾಲು. ಆದರೂ ನಿಂತು ಮನೆಗೆ ಸುದ್ದಿ ಮುಟ್ಟಿಸಿದೆ. ಹೇಳದೆ ಹೋಗುವ ಪದ್ಧತಿ ನನ್ನದಲ್ಲ.

೧೦ ಮಾರ್ಚ್, ಭಾನುವಾರ. ಔರಂಗಾಬಾದ್

ಹಗಲೆಲ್ಲ ನಿದ್ದೆ. ಸಂಜೆ ಅಲಕಾ ಹೊಸ ರವಿಕೆ ತೊಟ್ಟು ನೋಡಿ, ತೋಳು ಸಡಿಲ ಹೊಲಿದಿದ್ದಾನೆ ಎಂದು ದರ್ಜಿಯನ್ನು ಬೈದಳು. ಹಳೆಯ ಅಳತೆಗೇ ಹೊಲಿಯಲು ಕೊಟ್ಟಿದ್ದಳಂತೆ. ಈ ಊರಿನ ದರ್ಜಿಗಳೆಲ್ಲ ಹೀಗೇ.

ಇಲ್ಲಿಗೆ ಬಂದ ಹೊಸದರಲ್ಲಿ 'ಕನ್ನಡ' ಎಂದು ಬೋರ್ಡು ಹಾಕಿಕೊಂಡ ಬಸ್ಸು ನೋಡಿ ಇವಳು ಮಗುವಿನಂತೆ ನಕ್ಕಿದ್ದಳು. ಈ ಕಡೆಯ ಒಂದು ತಾಲ್ಲೂಕು ಊರು ಅದು. ಒಂದು ಸಲ ಹೋಗಿ ಬರೋಣ ಎಂದು ಅಂದಿನಿಂದ ಹೇಳುತ್ತಾಳೆ. ಇವತ್ತೂ ಕೇಳಿದಳು. ಬಸ್ಸಿನ ಹೆಸರೆತ್ತಬೇಡ ಎಂದುಬಿಟ್ಟೆ. ಅವಳು "ಇರಲಿ ಬಿಡ್ರಿ" ಎಂದು ಒಳಗೆ ಹೋದಳು.

೧೨ ಮಾರ್ಚ್, ಮಂಗಳವಾರ

ಪುಡಿಯನ್ನು ನೀರಿನಲ್ಲಿ ಕಲಸಿ ಮೀಟರ್ ಇಟ್ಟು ನೋಡಿದೆ. ಹಸಿಯಿದ್ದಾಗ ಕರೆಂಟು ಸಲೀಸಾಗಿ ಹರಿಯುತ್ತದೆ. ಒಣಗಿದರೆ ಇಲ್ಲ. ಅಂದರೆ ಬೆಳಿಗ್ಗೆ ಡಬ್ಬಿಯೊಳಗೆ ಇದು ಹಸಿಯಾಗಿರುತ್ತದೆ. ಟ್ರಾನ್ಸಿಸ್ಟರಿಗೆ ಸೇರಬೇಕಾದ ಕರೆಂಟು ದಾರಿಯಲ್ಲೇ ಸೋರಿ, ವೋಲ್ಟೇಜ್ ಇಳಿದು, ಕೋಣೆ ಬೆಚ್ಚಗಿದೆ ಎಂಬ ಸುಳ್ಳು ಅಂಕಿ ಬರುತ್ತದೆ. ಮಧ್ಯಾಹ್ನಕ್ಕೆ ಆರುತ್ತದೆ.

ಮನ್ಮಥಪ್ಪ ನಿಜ ಹೇಳುತ್ತಿದ್ದ. ಮೊದಲ ದಿನವೇ ಹೇಳಿದ್ದ. ನನಗೆ ತುಂಬ ಕೆಟ್ಟದೆನಿಸಿತು.

ಆದರೆ ಪುಡಿ ಯಾವುದು, ನೀರು ಎಲ್ಲಿಯದು? ಅದು ತಿಳಿಯದೆ ಹೋದರೆ ಸಾಹೇಬರು ನನ್ನ ಮಾತನ್ನು ಮೂಸಿಯೂ ನೋಡುವುದಿಲ್ಲ.

೧೪ ಮಾರ್ಚ್, ಗುರುವಾರ. ನಾಸಿಕ್

ನಿನ್ನೆ ಸಂಜೆ ಬಂದು ಪಂಚವಟಿಯ ಲಾಡ್ಜಿನಲ್ಲಿ ಉಳಿದೆ. ಕೋಲ್ಡ್ ಸ್ಟೋರೇಜಿನ ಫೋನ್ ಸತ್ತಿತ್ತು, ಹಾಗಾಗಿ ಬರುವ ಸುದ್ದಿ ಹೇಳಲಾಗಲಿಲ್ಲ. ಎಂದಿನಂತೆ ಹನ್ನೊಂದಕ್ಕೆ ಹೋಗುವುದೆಂದಿದ್ದೆ. ಬೆಳಿಗ್ಗೆ ಗುಡಿಗಳ ಗಂಟೆ, ಧ್ವನಿವರ್ಧಕದ ಭಜನೆ, ಪಕ್ಕದ ಕೋಣೆಯ ಯಾತ್ರಿಕರ ಬಕೆಟ್ಟಿನ ಸದ್ದು ಸೇರಿ ನನ್ನನ್ನು ಎಬ್ಬಿಸಿ ಕೂರಿಸಿದವು. ಹೊಳೆಯ ದಂಡೆಯಲ್ಲಿ ಚಹಾ ಕುಡಿದು, ಮಾಡಲು ಬೇರೆ ಕೆಲಸವಿಲ್ಲದೆ ಆಟೋ ಹತ್ತಿದೆ.

ಪಡಸಾಲೆಯ ಬಾಗಿಲು ತೆರೆದಿತ್ತು. ಮನ್ಮಥಪ್ಪ ಬೆನ್ನು ಹಾಕಿ ನಿಂತಿದ್ದ. ಆಗಷ್ಟೇ ಜಳಕ ಮಾಡಿ ಬಂದಿದ್ದ, ಬರಿಮೈ, ಕೊರಳಲ್ಲಿ ಲಿಂಗದ ಕರಡಿಗೆ. ಎಡಗೈಯಲ್ಲಿ ಹಿತ್ತಾಳೆಯ ತಂಬಿಗೆ. ನನ್ನ ಡಬ್ಬಿಯ ಮುಚ್ಚಳಕ್ಕೆ ಮೂರು ಬೆರಳಿನಿಂದ ನೀರು ಕಲಸಿದ ವಿಭೂತಿ ಎಳೆದ. ಮೇಲೊಂದು ಬಿಲ್ವಪತ್ರೆ ಇಟ್ಟ. ಬಲಗೈಯಲ್ಲಿ ನೀರು ತೆಗೆದು ಡಬ್ಬಿಯ ತಲೆಯ ಮೇಲಿನಿಂದ ಸುರಿದ. ಮಂತ್ರ ಹೇಳುತ್ತ ಮತ್ತೆ ಸುರಿದ. ಬೂದಿಯ ನೀರು ಮುಚ್ಚಳದ ಸಂದಿಯೊಳಗೆ ನಿಧಾನವಾಗಿ ಇಳಿಯುತ್ತಿತ್ತು.

ಚೀಲ ಕೈಯಿಂದ ಜಾರಿ ಬಿತ್ತು. ಅವನು ತಿರುಗಿದ. ಬಣ್ಣವೇ ಹೋಯಿತು ಅವನ ಮುಖದ್ದು. ಹೆಗಲ ಮೇಲಿನ ಬಟ್ಟೆ ತೆಗೆದು ಡಬ್ಬಿಯನ್ನು ಒರೆಸತೊಡಗಿದ.

"ಹೇಳಿ ಬರ್ಬಾರ್ದೇನ್ರಿ ಸಾಹೇಬ್ರ. ವರಸಿ ಸ್ವಚ್ಛ ಮಾಡಿ ಇಟ್ಟಿರ್ತಿದ್ದೆ."

ಪ್ರತಿ ಸಲವೂ ಹಾಗೇ ಮಾಡಿದ್ದನಂತೆ. ನಾನು ಬರುತ್ತೇನೆ ಎಂದು ಫೋನ್ ಬಂದರೆ, ಅವತ್ತು ಪೂಜೆ ಇಲ್ಲ, ಡಬ್ಬಿ ಒಣಬಟ್ಟೆಯಲ್ಲಿ ಲಕಲಕ. ನಾನು ಕಂಡಿದ್ದು ಆ ಡಬ್ಬಿ.

"ಯಾವಾಗಿಂದ?" ಎಂದೆ.

"ಶಿವರಾತ್ರಿಗಿ ಎಲ್ಲಾ ಯಂತ್ರಕ್ಕ ಈಬತ್ತಿ ಹಚ್ಚೀನ್ರಿ. ಕಂಪ್ರೆಸರಿಗಿ, ಮೋಟಾರಿಗಿ, ಎಲ್ಲಾಕ್ಕ. ಅವು ಏನೂ ಅಂದಿಲ್ಲ. ಮರುದಿನಾನೇ ಇದೊಂದು ಮುನಸ್ಕೊಂಡ್ತು. ನನ್ನಿಂದ ಏನ್ ತಪ್ಪಾಯ್ತೋ ಏನೋ ಅಂತ ದಿನಾ ಮಾಡ್ಲಾಕತ್ತೀನಿ. ಸಾಹೇಬ್ರು ಬೈದಷ್ಟು ಜಾಸ್ತಿ ನೀರು ಹಾಕ್ತೀನಿ."

ಒಂದು ಕ್ಷಣ ಸಿಟ್ಟು ನೆತ್ತಿಗೇರಿತು. ಈ ಬೂದಿಗಾಗಿ ಎಷ್ಟು ಬಸ್ಸು, ಎಷ್ಟು ಬೈಗುಳ. ಆಮೇಲೆ ಅವನ ಕೈ ನೋಡಿದೆ. ಒರೆಸಿ ಮುಗಿದ ಮುಚ್ಚಳವನ್ನೇ ಅದು ಇನ್ನೂ ಒರೆಸುತ್ತಿತ್ತು. ತನ್ನ ಮೇಲೆ ಚಾಡಿ ಹೇಳುವ ಡಬ್ಬಿಯ ಕಾಲಿಗೆ ಅವನು ದಿನವೂ ಬೀಳುತ್ತಿದ್ದ. ಬಿದ್ದಷ್ಟೂ ಅದು ಇನ್ನಷ್ಟು ಹೇಳುತ್ತಿತ್ತು. ಸಿಟ್ಟು ಎಲ್ಲಿ ಹೋಯಿತೋ. ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟೆ. ಅವನು ಒಳಗೆ ಹೋಗಿ ನೀರು ತಂದುಕೊಟ್ಟ.

೧೫ ಮಾರ್ಚ್, ಶುಕ್ರವಾರ. ನಾಸಿಕ್

ಏನು ಬರೆಯಬೇಕೆಂದು ನಿನ್ನೆಯೆಲ್ಲ ತಲೆ ಕೆಡಿಸಿಕೊಂಡೆ. ಇದ್ದದ್ದು ಇದ್ದ ಹಾಗೆ ಬರೆದರೆ, ಉಪಕರಣಕ್ಕೆ ಕೈ ಹಚ್ಚಿದ ತಪ್ಪಿಗೆ ಮನ್ಮಥಪ್ಪನನ್ನು ಇವತ್ತೇ ಹೊರಗೆ ಹಾಕುತ್ತಾರೆ. ನಿದ್ದೆ ಮಾಡಿದ ಎಂಬ ಸುಳ್ಳಿನಿಂದ ಪಾರಾದವನನ್ನು ಪೂಜೆ ಮಾಡಿದ ಎಂಬ ನಿಜದಿಂದ ಕಳಿಸಿದಂತಾಗುತ್ತದೆ.

ಡಬ್ಬಿಯ ಮುಚ್ಚಳ ತೆಗೆದು ಅಂಚು ಸವರಿದೆ. ಅಲ್ಲಿ ಸುತ್ತಲೂ ಒಂದು ರಬ್ಬರ್ ಪಟ್ಟಿ ಇರಬೇಕಿತ್ತು. ನಮ್ಮ ಆಫೀಸು ಕಳಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಸದಾ ತೇವ ಇರುವ ಜಾಗಕ್ಕೆ ಬಾಯಿಬಿಟ್ಟ ಡಬ್ಬಿ ಬಡಿದು ಬಂದವರು ನಾವೇ. ಹಾಗೆಯೇ ಬರೆದೆ: ಡಬ್ಬಿಗೆ ರಬ್ಬರ್ ಇಲ್ಲದ್ದರಿಂದ ನೀರು ಸೇರಿ ಅಂಕಿ ತಪ್ಪಿದೆ, ದೋಷ ಅಳವಡಿಸಿದವರದು, ಕೋಣೆಯ ತಂಪಿನಲ್ಲಿ ಯಾವ ದಿನವೂ ವ್ಯತ್ಯಾಸವಾಗಿಲ್ಲ. ಯಾವ ನೀರು ಎಂದು ಬರೆಯಲಿಲ್ಲ. ಖಂಡಪ್ಪನವರಿಗೆ ಇದು ಹಿಡಿಸುವುದಿಲ್ಲ. ಹುಬ್ಬಳ್ಳಿ ಇನ್ನೊಂದು ವರ್ಷ ದೂರ ಹೋದೀತು. ಹೋಗಲಿ.

ಸಾಹೇಬರಿಗೆ ಪರೀಕ್ಷೆ ತೋರಿಸಿದೆ. ಅವರನ್ನು ಮೇಜಿನ ಮುಂದೆ ಕೂರಿಸಿ, ನಾನು ಪಡಸಾಲೆಯಲ್ಲಿ ಬಟ್ಟೆ ಒದ್ದೆ ಮಾಡಿ ಜೋಡಣೆಯ ಮೇಲೆ ಇಟ್ಟೆ, ಅವರ ಕಣ್ಣೆದುರೇ ಸೊನ್ನೆ ಹೋಗಿ ಐದಾಯಿತು. ತೆಗೆದು ಒರೆಸಿದೆ, ಇಳಿಯಿತು. ಸಾಹೇಬರು ಟೈಪ್ ಮಾಡಿಸಿದ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು. ಮನ್ಮಥಪ್ಪನನ್ನು ಕರೆದು ಅವನಿಗೂ ಸೇರಿಸಿ ಚಹಾ ತರಿಸಿದರು. ಅವರ ಮಟ್ಟಿಗೆ ಅದೇ ಕ್ಷಮೆ ಕೇಳಿದ ಹಾಗೆ ಇರಬೇಕು.

ವೈರುಗಳನ್ನು ಬೆಸುಗೆ ಹಾಕಿ, ಮೇಣ ತುಂಬಿ, ಮಾಡಿನ ಹತ್ತಿರ ಕೈಗೆ ಎಟುಕದಂತೆ ಕಟ್ಟಿದೆ. ಹಳೆಯ ಡಬ್ಬಿಯನ್ನು ಕೀಳಲು ಹೋದೆ. ಮನ್ಮಥಪ್ಪ ಪಕ್ಕದಲ್ಲೇ ನಿಂತಿದ್ದ. ಸ್ಕ್ರೂ ಮತ್ತೆ ಬಿಗಿದೆ.

"ಈಗ ಇದರಾಗ ಏನದರಿ?" ಎಂದ.

"ಏನೂ ಇಲ್ಲ. ಖಾಲಿ."

"ಹಂಗಾರ ನೀರು ಹಾಕ್ಬಹುದಲ್ರಿ?"

"ಕೊಡ ತಂದು ಸುರೀರಿ."

ಮೊದಲ ಸಲ ಅವನು ನಕ್ಕಿದ್ದು ನೋಡಿದೆ. ಹೊರಡುವಾಗ ಚನಬಸವ್ವ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಅವಳ ಮನೆಯ ಬಾಗಿಲಲ್ಲಿ ಗಂಟುಗಳು ಬಿಚ್ಚಿ ಹರಡಿದ್ದವು. "ಮುಂದಿನ ಸಲ ಫೋನ್ ಮಾಡಿ ಬರ್ರಿ, ಹೋಳಿಗಿ ಮಾಡಿಸ್ತೀನಿ" ಎಂದ ಮನ್ಮಥಪ್ಪ. ಹೇಳದೆಯೇ ಬರುತ್ತೇನೆ ಎಂದೆ.

೧೬ ಮಾರ್ಚ್, ಶನಿವಾರ. ಔರಂಗಾಬಾದ್

ಬಸ್ ಸ್ಟ್ಯಾಂಡಿನ ಫೋನಿಗೆ ಇವತ್ತೂ ಸಾಲಿತ್ತು. ಸುಸ್ತಾಗಿತ್ತು, ಹಾಗೇ ಬಸ್ಸು ಹತ್ತಿದೆ. ಊರು ಮುಟ್ಟಿದಾಗ ಬಿಸಿಲು ಇಳಿದಿತ್ತು.

ಬಾಗಿಲು ತಟ್ಟಿದ ಬಹಳ ಹೊತ್ತಿನ ಮೇಲೆ ಅಲಕಾ ತೆರೆದಳು. ತಲೆ ಬಾಚಿರಲಿಲ್ಲ. ಹಾಸಿಗೆ ಬೆಳಗಿನಿಂದ ಹಾಗೇ ಬಿದ್ದಿತ್ತು. ನಡುಮನೆಯಲ್ಲಿ ಒಂದು ತಟ್ಟೆ ಚುರುಮುರಿ, ಪಕ್ಕದಲ್ಲಿ ಕೆನೆಗಟ್ಟಿದ ಅರ್ಧ ಕಪ್ ಚಹಾ. ಅಡಿಗೆಮನೆಯಲ್ಲಿ ಒಂದು ಪಾತ್ರೆಯೂ ಒದ್ದೆಯಾಗಿರಲಿಲ್ಲ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಗಡಬಡಿಸಿ ಹಾಸಿಗೆ ಸುತ್ತತೊಡಗಿದಳು.

"ಹೇಳಿ ಬರಬಾರದೇನ್ರಿ" ಎಂದಳು. "ಎಲ್ಲಾ ಮಾಡಿ ಇಟ್ಟಿರತಿದ್ದೆ."

ನಾನು ಚೀಲ ಇಳಿಸಿ ಚುರುಮುರಿಯ ತಟ್ಟೆ ಎತ್ತಿಕೊಂಡೆ.

"ನಾ ಇಲ್ಲದಾಗ ಇದನ್ನಽ ತಿಂತೀಯೇನು?"

"ಒಬ್ಬಾಕಿ ಸಲುವಾಗಿ ಯಾರು ಒಲಿ ಹಚ್ಚಬೇಕ್ರಿ, ಬ್ಯಾಸರಾ." ಹಾಸಿಗೆ ಬಿಟ್ಟು ಅಲ್ಲೇ ಕುಳಿತಳು. ಬಳೆಗಳು ಮೊಣಕೈವರೆಗೆ ಜಾರಿದವು.

ಚನಬಸವ್ವನ ಗಂಟು ಬಿಚ್ಚಿ ಅವಳ ಮುಂದಿಟ್ಟೆ. ಒಂದು ರೊಟ್ಟಿ ತಿಂದಳು, ಇನ್ನೊಂದನ್ನು ಕೇಳಿ ತೆಗೆದುಕೊಂಡಳು. ನಾಳೆ ಪಾಡ್ವಾ, ಬೆಳಗಿನ ಬಸ್ಸಿಗೆ ಕನ್ನಡಕ್ಕೆ ಹೋಗಿ ಬರೋಣ ಎಂದೆ. ಅಲ್ಲಿ ಏನು ಇರುತ್ತದೆ ಎಂದು ಕೇಳಿದಳು. ನನಗೂ ಗೊತ್ತಿಲ್ಲ ಎಂದೆ.

ಅವಳನ್ನು ಏಳಗೊಡದೆ ನಾನೇ ಅನ್ನಕ್ಕಿಡಲು ಹೋದೆ. ಗ್ಯಾಸ್ ಹಚ್ಚುವ ಮುಂಚೆ ಬಗ್ಗಿ, ಸಿಲಿಂಡರನ್ನು ಎರಡೂ ಕೈಯಿಂದ ಎತ್ತಿ ನೋಡಿದೆ. ದೀಪಾವಳಿಗೆ ತಂದದ್ದು. ಇನ್ನೂ ಭಾರವಾಗಿತ್ತು.